ಎರಡು ಕುಡಿಕೆಗಳ ನಡುವೆ

ಐದಕ್ಕೆ ನಿಲ್ಲಿಸುತ್ತೇನೆ! ನಿಲ್ಲಿಸದಿದ್ದರೆ ನನ್ನ ಹೆಸರು ಹೊನ್ನಯ್ಯನೇ ಅಲ್ಲ!

ಹೀಗೆಂದು ನಾನು ಆಸ್ಪತ್ರೆಯ ಜಗುಲಿಯ ಮೇಲೆ ನಿಂತು, ಒಂದು ಕೈಯಲ್ಲಿ ಕಾಫಿ ಚೊಂಬು, ಇನ್ನೊಂದು ಕೈಯಲ್ಲಿ ನಾಲ್ಕನೆಯ ಮಗುವನ್ನು ಹಿಡಿದುಕೊಂಡು ಘೋರ ಪ್ರತಿಜ್ಞೆ ಮಾಡಿದೆ. ಅದನ್ನು ಕೇಳಿಸಿಕೊಂಡದ್ದು ಆ ನಾಲ್ಕನೆಯ ಮಗು ಒಂದೇ. ಅದು ಕೂಡಲೇ ಗೊಳೋ ಎಂದು ಅಳಲು ಶುರುಮಾಡಿತು. ಅಪ್ಪನ ಯೋಗ್ಯತೆ ಏನೆಂದು ಅದಕ್ಕೆ ಆ ವಯಸ್ಸಿಗೇ ಗೊತ್ತಾಗಿತ್ತು ಎಂದು ಕಾಣುತ್ತದೆ.

ಪ್ರತಿಜ್ಞೆಗೆ ಕಾರಣವಿತ್ತು. ನನ್ನ ಹೆಂಡತಿ ಇಂದ್ರಮ್ಮ ಐದನೆಯ ಹೆರಿಗೆಯಲ್ಲಿ ಹೋಗಿಯೇಬಿಟ್ಟಳು ಎನ್ನುವ ಹಾಗಾಗಿತ್ತು. ನನ್ನ ತಾಯಿ ಒಳಗೆ, ನಾನು ಹೊರಗೆ, ಇಬ್ಬರೂ ಕಾಣದ ದೇವರಿಗೆಲ್ಲ ಹರಕೆ ಹೊತ್ತಿದ್ದೆವು. ಕೊನೆಗೆ ಲೇಡಿ ಡಾಕ್ಟರು ಸೆರಗಿನಲ್ಲಿ ಹಣೆಯ ಬೆವರು ಒರೆಸಿಕೊಳ್ಳುತ್ತಾ ಈಚೆಗೆ ಬಂದರು.

"ಹೊನ್ನಯ್ಯನವರೇ, ತಾಯಿ ಮಗು ಇಬ್ಬರೂ ಉಳಿದಿದ್ದಾರೆ. ಆದರೆ ಇನ್ನೊಂದು ಬಸಿರನ್ನು ಈಕೆಯ ಮೈ ತಡೆಯೋದಿಲ್ಲ. ಇನ್ನೊಂದು ಸಲ ಇಲ್ಲಿಗೆ ಕರಕೊಂಡು ಬಂದರೆ ನಾನು ಉಳಿಸಿಕೊಡಲಾರೆ. ತಿಳೀತೇ?"

"ತಿಳೀತು ತಾಯೀ."

"ಆಗದ ಹಾಗೆ ಏನು ಮಾಡಬೇಕು ಅಂತ ಹೇಳಿಕೊಡ್ತೀನಿ. ಒಳಗೆ ಬನ್ನಿ, ಕೂತ್ಕೊಳ್ಳಿ."

ನನ್ನ ಶೌರ್ಯವೆಲ್ಲ ಅಲ್ಲೇ ಇಳಿದುಹೋಯಿತು. ಅಂಥ ಮಾತನ್ನು ಹೆಂಗಸೊಬ್ಬಳ ಬಾಯಿಂದ, ಅದೂ ಹಗಲು ಹೊತ್ತು, ಅದೂ ಕುರ್ಚಿಯ ಮೇಲೆ ಕೂತು ಕೇಳುವುದೇ! "ಕಾಫಿ ಆರಿಹೋಗುತ್ತೆ ತಾಯೀ, ಬಿಸಿ ಮಾಡಿಸಿಕೊಂಡು ಬಂದೆ" ಎಂದು ಹೇಳಿ ಮೆಟ್ಟಿಲಿಳಿದವನು ಆ ಕಡೆ ಮತ್ತೆ ತಲೆ ಹಾಕಲಿಲ್ಲ. ಡಾಕ್ಟರು ಹೇಳಿಕೊಡದಿದ್ದರೇನು? ನಾನು ಲೋಯರ್ ಸೆಕೆಂಡರಿ ಪಾಸು ಮಾಡಿದವನು. ಇರ್ವಿನ್ ನಾಲೆಯ ಆಫೀಸಿನಲ್ಲಿ ಗುಮಾಸ್ತ. ಮದ್ದೂರು ಮಳವಳ್ಳಿ ಕಡೆಯ ಸಾವಿರಾರು ಎಕರೆಗೆ ಯಾವಾಗ ನೀರು ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಬರೆಯುವ ಕೈ ನನ್ನದು! ಮನೆಯೊಳಗಿನ ಒಂದು ತೂಬನ್ನು ಮುಚ್ಚಲಾರೆನೇ!

ಮುಚ್ಚುವ ದಾರಿಯೂ ಸಿಕ್ಕಿತು. ಮಗುವಿಗೆ ಹಲ್ಲು ಮೂಡುವ ಹೊತ್ತಿಗೆ ಆಫೀಸಿನ ಕೆಲಸದ ಮೇಲೆ ಮಳವಳ್ಳಿಗೆ ಹೋದವನು ಅಲ್ಲಿಯ ಸಂತೆಯಲ್ಲಿ ಹಲಗೂರಿನ ನಾಟಿ ವೈದ್ಯ ದೊಡ್ಡಬೀರಯ್ಯನನ್ನು ಕಂಡೆ. ಹುಣಿಸೆ ಮರದ ಕೆಳಗೆ ಗೋಣಿತಾಟು ಹಾಸಿಕೊಂಡು, ಮುಂದೆ ಬೇರು ನಾರು ಹರಡಿಕೊಂಡು, ಹುರಿಮೀಸೆ ತಿರುವುತ್ತಾ ಕೂತಿದ್ದ. ನಾನು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಅವನ ಕಿವಿಗೆ ಬಾಯಿ ಇಟ್ಟು ವಿಷಯವನ್ನು ಉಸುರಿದೆ.

"ಏನು? ಎಂಡ್ರು ಬಸ್ರಾಗದ್ ಬ್ಯಾಡ್ವಾ?" ಎಂದು ದೊಡ್ಡಬೀರಯ್ಯ ಇಡೀ ಸಂತೆಗೆ ಕೇಳುವ ಹಾಗೆ ಕೂಗಿದ.

"ಮೆಲ್ಲಗೆ ಮಾರಾಯ!"

"ಯಾಕ್ ಸೋಮಿ ಮೆಲ್ಲುಗೆ? ಐದು ಮಕ್ಳು ಮಾಡಕ್ಕೆ ನಾಚ್ಕೆ ಇರ್ನಿಲ್ಲ, ಆರ್ನೇದು ಬ್ಯಾಡ ಅನ್ನಕ್ಕೆ ನಾಚ್ಕೆಯಾ?"

ಬದನೆಕಾಯಿ ಮಾರುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ನನ್ನ ಮುಖವೂ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ದೊಡ್ಡಬೀರಯ್ಯ ಮಾತ್ರ ಗಂಭೀರವಾಗಿ, ಬಾಯಿಗೆ ಬಟ್ಟೆ ಕಟ್ಟಿದ ಒಂದು ಸಣ್ಣ ಮಣ್ಣಿನ ಕುಡಿಕೆಯನ್ನು ತೆಗೆದು ನನ್ನ ಕೈಲಿಟ್ಟ. ಒಳಗೆ ಮೆಣಸಿನ ಕಾಳಿನಷ್ಟು ದಪ್ಪದ ಕಪ್ಪು ಗುಳಿಗೆಗಳು.

"ಎಂಗಸ್ರು ಮುಟ್ಟಾಗಿ ತಲೆಗೆ ನೀರು ಆಕ್ಕಂಡ್ ದಿನದಿಂದ ದಿನಾ ಬೆಳಗ್ಗೆ ಒಂದು. ಕುಡಿಕೆ ಮುಗಿದ್ ಮ್ಯಾಲೆ ಬುಡುವು ಕೊಡ್ಬೇಕು. ಆಗ ಮುಟ್ಟಾಯ್ತಾಳೆ. ತಿರ್ಗ ನೀರು ಆಕ್ಕಂಡ್ ದಿನವೇ ವಸ ಕುಡಿಕೆ ಬಾಯಿ ಬಿಚ್ಬೇಕು. ತಪ್ಪಬಾರ್ದು!"

"ಹಾಗಾದರೆ ಎರಡು ಮೂರು ಕುಡಿಕೆ ಒಟ್ಟಿಗೇ ಕೊಟ್ಟುಬಿಡಪ್ಪ."

"ಅಂಗೆಲ್ಲ ಕೊಡಕ್ಕಿಲ್ಲ. ಅಳೇದಾದ್ರೆ ಕಸುವು ಓಯ್ತದೆ. ಒಂದು ಮುಗುದ್ರೆ ಅಲಗೂರ್ಗೆ ಬನ್ನಿ, ಇನ್ನೊಂದು ಕೊಡ್ತೀನಿ."

ಕುಡಿಕೆಯನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ದಿಗ್ವಿಜಯ ಮುಗಿಸಿದ ಚಕ್ರವರ್ತಿಯ ಹಾಗೆ ಮಂಡ್ಯಕ್ಕೆ ಬಂದೆ. ನನ್ನ ತಾಯಿ ಚಿಕ್ಕನಂಜಮ್ಮನಿಗೆ ಮಾತ್ರ ಗುಟ್ಟು ಬಿಡುವ ಹಾಗಿರಲಿಲ್ಲ. ಮೊಮ್ಮಕ್ಕಳೆಂದರೆ ಪ್ರಾಣ ಬಿಡುವ ಹಳೆಯ ಕಾಲದ ಜೀವ. ವಂಶಕ್ಕೆ ಅಡ್ಡ ಬಂದೆಯಾ ಎಂದು ನನ್ನನ್ನು ಒನಕೆಯಲ್ಲಿ ಕುಟ್ಟಿದರೂ ಕುಟ್ಟಿಯಾಳು! "ಇದೇನ್ಲಾ ಮಗ ಕುಡಿಕೆ?" ಎಂದು ಕೇಳಿದಳು. "ಇಂದ್ರಳ ತಲೆನೋವಿಗೆ ಗುಳಿಗೆ ಕಣವ್ವ" ಎಂದೆ. "ಊಂ, ಪಾಪ, ತಲೆನೋವು ಜಾಸ್ತೀನೇ" ಎಂದು ನನ್ನ ಮುಖವನ್ನೇ ನೋಡಿ ಅಡಿಗೆ ಮನೆಗೆ ಹೋದಳು. ಎಷ್ಟು ಸಲೀಸಾಗಿ ನಂಬಿಸಿದೆ ಎಂದು ನನಗೆ ನನ್ನ ಮೇಲೇ ಗೌರವ ಹುಟ್ಟಿತು.

ಇಂದ್ರಮ್ಮ ದಿನಾ ಬೆಳಿಗ್ಗೆ ಒಂದೊಂದು ಗುಳಿಗೆ ನುಂಗಿದಳು. ಕಹಿಗೆ ಮುಖ ಹಿಂಡಿಕೊಂಡು, ಮೇಲೊಂದು ಲೋಟ ನೀರು ಕುಡಿದು, ಒಂದು ದಿನವೂ ತಪ್ಪಿಸದೆ ನುಂಗಿದಳು. ಕುಡಿಕೆ ಖಾಲಿಯಾದ ದಿನ ಅದರ ತಳವನ್ನು ತಟ್ಟಿ ನೋಡಿ ಒಂದು ಪ್ರಶ್ನೆ ಕೇಳಿದಳು. ಅದೊಂದು ಪ್ರಶ್ನೆ ನನ್ನ ಬದುಕನ್ನು ಬುಡಮೇಲು ಮಾಡಿತು.

"ಏನೂಂದ್ರೆ, ಇದು ಮುಗೀತಲ್ಲ. ಇನ್ನೊಂದು ಕುಡಿಕೆ ಬಾಯಿ ಬಿಚ್ಚೋಗಂಟ ನನ್ನ ಕಾಯೋದು ಏನು?"

ಏನು? ನನಗೆ ಹೊಳೆದೇ ಇರಲಿಲ್ಲ! ದೊಡ್ಡಬೀರಯ್ಯನೂ ಹೇಳಿರಲಿಲ್ಲ. ಆದರೆ ಗಂಡನಾದವನು, ಅದರಲ್ಲೂ ಸರಕಾರಿ ಗುಮಾಸ್ತನಾದವನು, ಗೊತ್ತಿಲ್ಲ ಎನ್ನಲಾದೀತೇ? ಗಂಟಲು ಸರಿಮಾಡಿಕೊಂಡೆ.

"ನೋಡು ಇಂದ್ರಾ, ನಾಲೆ ನೀರು ಎಲ್ಲರಿಗೂ ಎಲ್ಲ ದಿನವೂ ಸಿಗುತ್ತದೆಯೇ? ಇಲ್ಲ. ಸರದಿ ಇದೆ. ನಿಮ್ಮ ಸರದಿಯಲ್ಲಿ ನೀರು ಹಾಯಿಸಿಕೊಳ್ಳುತ್ತೀರಿ, ಆಮೇಲೆ ನಾವು ತೂಬು ಮುಚ್ಚುತ್ತೇವೆ. ತೂಬು ಮುಚ್ಚಿದ ತಕ್ಷಣ ಕಬ್ಬು ಒಣಗುತ್ತದೆಯೇ? ಒಣಗೋದಿಲ್ಲ! ಯಾಕೆ? ಕುಡಿದ ನೀರು ನೆಲದೊಳಗೆ ನಿಂತಿರುತ್ತದೆ. ಮುಂದಿನ ಸರದಿ ಬರುವ ತನಕ ಆ ತೇವವೇ ಕಬ್ಬನ್ನು ಕಾಯುತ್ತದೆ. ಹಾಗೆಯೇ ನೀನು ನುಂಗಿದ ಮದ್ದು ನಿನ್ನ ಮೈಯೊಳಗೆ ನಿಂತು ಮುಂದಿನ ಕುಡಿಕೆ ಬರುವ ತನಕ ನಿನ್ನನ್ನು ಕಾಯುತ್ತದೆ!"

ಎಂಥ ವಿವರಣೆ! ಮೈಸೂರಿನ ದೊಡ್ಡ ಡಾಕ್ಟರುಗಳೂ ಇಷ್ಟು ಚೆನ್ನಾಗಿ ಹೇಳಲಾರರು. ಇಂದ್ರಮ್ಮ ಮಾತ್ರ ಮೆಚ್ಚುವ ಮುಖ ಮಾಡಲಿಲ್ಲ.

"ಎರೆ ನೆಲ ಆದ್ರೆ ಸರಿ. ಮರಳು ನೆಲ ಆದ್ರೆ? ನಮ್ಮಪ್ಪನ ಮೇಗ್ಲ ಒಲಕ್ಕೆ ನೀರು ಕಟ್ಟಿ ಎಲ್ಡು ದಿನಕ್ಕೇ ಧೂಳು ಆಡ್ತದೆ."

"ನೀನು ಮರಳು ನೆಲ ಅಲ್ಲ ಕಣೆ."

"ನಿಮ್ಗೆ ಯಾರು ಯೋಳುದ್ರು?"

ಯಾರೂ ಹೇಳಿರಲಿಲ್ಲ.

"ಮುಂದಿನ ಸರದಿ ತಡ ಆದ್ರೆ?" ಎಂದಳು ಮತ್ತೆ.

"ತಡ ಆಗೋದಿಲ್ಲ. ನಾನಿಲ್ಲವೇ?"

"ನೀವಿರೋದಕ್ಕೇ ಇಷ್ಟೆಲ್ಲ ಆಗಿರೋದು" ಎಂದಳು ಇಂದ್ರಮ್ಮ. ಆಮೇಲೆ ಮಲಗಿದ್ದ ಕೂಸಿನ ಹೊದಿಕೆ ಸರಿಮಾಡುತ್ತಾ, "ಅವತ್ತು ಆ ಮಂಚದ ಮ್ಯಾಲೆ ನಂಗೆ ಇವ್ರೈದು ಜನದ ಮುಖವೇ ಕಣ್ಮುಂದೆ ಬತ್ತಿದ್ದೋ ಕಣಿ. ನಂಗೆ ಸಾಯಾಕೆ ಭಯ ಇಲ್ಲ. ಇವ್ರನ್ನ ಬುಟ್ಟು ಓಗಾಕೆ ಭಯ" ಎಂದಳು.

ತಮಾಷೆಯೆಲ್ಲ ಬಾಯಿಂದ ಹಾರಿಹೋಯಿತು. ಅವಳಿಲ್ಲದ ಮನೆಯನ್ನು ಒಂದು ಗಳಿಗೆ ಮನಸ್ಸಿನಲ್ಲಿ ನೋಡಿದೆ, ನೋಡಲಾಗಲಿಲ್ಲ. ಇವಳ ನೆಲ ಎರೆಯೋ ಮರಳೋ ಎಂದು ತಿಳಿದುಕೊಂಡೇ ಬರುತ್ತೇನೆ ಎಂದು ಎರಡನೆಯ ಪ್ರತಿಜ್ಞೆ ಮಾಡಿದೆ. ಮೊದಲನೆಯದಕ್ಕಿಂತ ಇದು ಹೆಚ್ಚು ಅಪಾಯದ್ದಾಗಿ ಪರಿಣಮಿಸಿತು.

ಮಾರನೆಯ ದಿನ ಆಫೀಸಿನಲ್ಲಿ ಪಕ್ಕದ ಮೇಜಿನ ಗುಮಾಸ್ತ ಕೆಂಪಸಿದ್ದಯ್ಯನನ್ನು ಮೆಲ್ಲಗೆ ಕೆದಕಿದೆ. ಅವನು ಚಿಕ್ಕರಸಿನಕೆರೆಯವನು, ಬೇಸಾಯದ ಮನೆಯವನು, ನೆಲದ ಗುಣ ಬಲ್ಲವನು. ಹೆಂಡತಿಯ ಮಾತನ್ನು ಎತ್ತುವುದೆಂತು? ಗದ್ದೆಯ ಮಾತನ್ನೇ ಎತ್ತಿದೆ.

"ಕೆಂಪಸಿದ್ದಯ್ಯ, ಒಂದು ಮಾತಿಗೆ ಕೇಳ್ತೀನಿ. ಈ ಸರದಿ ಮುಗಿದು ಮುಂದಿನ ಸರದಿ ಬರೋದು ತಡವಾಯಿತು ಅಂತಿಟ್ಟುಕೋ. ಎಷ್ಟು ದಿನ ತಡೀತದೆ?"

ಕೆಂಪಸಿದ್ದಯ್ಯನ ಲೇಖನಿ ನಿಂತುಹೋಯಿತು. "ಯಾಕ್ಲಾ ಒನ್ನಯ್ಯ? ತಡ ಆಯ್ತದಾ?"

"ಆಗುತ್ತೆ ಅಂತಲ್ಲ. ಆದರೆ ಅಂತ."

"ಎಷ್ಟು ದಿನ ತಡ?"

"ಅದು ನನ್ನ ಕೈಲಿದೆಯೇ? ಸರಬರಾಜು ಮಾಡೋನ ಕೈಲಿದೆ."

ನಾನು ದೊಡ್ಡಬೀರಯ್ಯನನ್ನು ನೆನೆಸಿಕೊಂಡು ಹೇಳಿದ್ದೆ. ಆದರೆ ನೀರು ಬಿಡುವ ದಿನಗಳನ್ನು ಬರೆಯುವ ಗುಮಾಸ್ತ ಹೀಗೆ ಮುಖ ಸಣ್ಣ ಮಾಡಿಕೊಂಡು ಕೇಳಿದರೆ ಕೇಳಿಸಿಕೊಂಡವನು ಏನೆಂದುಕೊಳ್ಳಬೇಕು? ಕೆಂಪಸಿದ್ದಯ್ಯ ಊಟದ ಹೊತ್ತಿಗೆ ಮಾಯವಾದ. ಸೈಕಲ್ಲು ಹತ್ತಿ ಊರಿಗೆ ಹೋಗಿ, ಮುಂದಿನ ನೀರು ಬರೋದಿಲ್ಲವಂತೆ, ಆಫೀಸಿನೋರು ಬಾಯಿ ಬಿಡ್ತಿಲ್ಲ ಎಂದು ಅಣ್ಣತಮ್ಮಂದಿರಿಗೆ ಹೇಳಿಬಿಟ್ಟ!

ಮಾರನೆಯ ಬೆಳಿಗ್ಗೆ ಆಫೀಸಿನ ಮುಂದೆ ಚಿಕ್ಕರಸಿನಕೆರೆಯೇ ಬಂದು ನಿಂತಿತ್ತು. ಗಾಡಿ ಕಟ್ಟಿಕೊಂಡು ಬಂದವರು, ನಡೆದು ಬಂದವರು, ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡೇ ಬಂದವರು. "ಕಬ್ಬು ಎದೆಮಟ್ಟ ಬಂದದೆ, ಈಗ ನೀರು ನಿಲ್ಸಿ ನಮ್ ಬಾಯ್ಗೆ ಮಣ್ಣಾಕ್ತೀರಾ?" ಎಂದು ಕೂಗು. ಓವರ್ಸಿಯರ್ ಸಾಹೇಬರು ಟೋಪಿ ಹಾಕಿಕೊಳ್ಳುವುದನ್ನೂ ಮರೆತು ಓಡಿಬಂದರು.

"ಯಾರು ಹೇಳಿದ್ದು ನೀರು ನಿಲ್ಲುತ್ತೆ ಅಂತ?"

ನೂರು ಕೈ ಕೆಂಪಸಿದ್ದಯ್ಯನನ್ನು ತೋರಿಸಿದವು. ಕೆಂಪಸಿದ್ದಯ್ಯನ ಕೈ ನನ್ನನ್ನು ತೋರಿಸಿತು.

ಸಾಹೇಬರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. "ಏನ್ರೀ ಹೊನ್ನಯ್ಯ, ಯಾಕೆ ಹಾಗೆ ಹೇಳಿದಿರಿ?"

ಏನೆಂದು ಹೇಳಲಿ! ಸ್ವಾಮೀ, ಅದು ನಾಲೆಯ ನೀರಲ್ಲ, ನನ್ನ ಹೆಂಡತಿಯ ಗುಳಿಗೆ ಎನ್ನಲೇ? ನಿಂತ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ನಾಲೆಯ ಪಕ್ಕದ ನೆಲ, ತೇವ ಚೆನ್ನಾಗಿತ್ತು, ಬಾಯಿ ಬಿಡಲಿಲ್ಲ.

"ತಪ್ಪಾಯಿತು ಸಾರ್. ಎರಡು ದಿನ ರಜ ಬೇಕಿತ್ತು, ಹಲಗೂರಿಗೆ ಹೋಗಬೇಕು."

"ರಜವೇ! ಈ ಜನ ಸಮಾಧಾನವಾಗಿ ಮನೆಗೆ ಹೋಗಿ, ಮುಂದಿನ ಸರದಿ ನೀರು ಅವರ ಗದ್ದೆಗೆ ಬಂದು ಬಿದ್ದ ಮೇಲೆ ನಿಮ್ಮ ರಜದ ಮಾತು. ಅಲ್ಲಿಯ ತನಕ ನೀವೇ ನಾಲೆ ಏರಿಯ ಮೇಲೆ ನಿಂತು ಎಲ್ಲರಿಗೂ ಹೇಳಿ, ನೀರು ಬರುತ್ತೆ ಅಂತ."

ಹೀಗೆ ನಾನು ಬಿಸಿಲಿನಲ್ಲಿ ಏರಿಯ ಮೇಲೆ ನಿಂತು, "ನೀರು ಬರುತ್ತೆ, ಮುಂದಿನ ಸರದಿ ತಪ್ಪೋದಿಲ್ಲ" ಎಂದು ಊರಿಗೆಲ್ಲ ಭರವಸೆ ಕೊಡುತ್ತಿದ್ದಾಗ, ನನ್ನ ಮನೆಯ ಮುಂದಿನ ಸರದಿ ತಪ್ಪಿಹೋಗುತ್ತಿತ್ತು. ಇಂದ್ರಮ್ಮ ಮುಟ್ಟಾಗಿ ಹಿತ್ತಿಲ ಕೋಣೆಯಲ್ಲಿ ಕೂತಳು. ಸಾಹೇಬರು ರಜ ಕೊಟ್ಟ ದಿನವೇ ಅವಳು ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು. ಒಳಗೆ ಬಂದವಳ ಮುಂದೆ ಇಡಲು ನನ್ನ ಹತ್ತಿರ ಕುಡಿಕೆಯಿರಲಿಲ್ಲ.

"ಇವತ್ತೇ ಬಾಯಿ ಬಿಚ್ಬೇಕಾಗಿತ್ತಲ್ಲ ಕಣಿ?" ಎಂದಳು.

"ಸಂಜೆಯೊಳಗೆ ತಂದೆ!" ಎಂದು ಕೋಟು ಏರಿಸಿಕೊಂಡು ಓಡಿದೆ.

ಸಂಜೆಯೊಳಗೆ! ಅದು ಯುದ್ಧದ ಕಾಲ ಎನ್ನುವುದನ್ನೇ ಮರೆತಿದ್ದೆ. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿ, ನಮ್ಮ ಪಾಲಿಗೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಉಳಿದಿತ್ತು. ಬೆನ್ನಿಗೆ ಒಂದು ದೊಡ್ಡ ಒಲೆ ಕಟ್ಟಿಕೊಂಡ ಆ ಬಸ್ಸು ಮದ್ದೂರಿನಿಂದ ಹೊರಡುವ ಮೊದಲು ಕ್ಲೀನರು ಅದಕ್ಕೆ ಇದ್ದಿಲು ತುಂಬಿ, ಬೆಂಕಿ ಹಾಕಿ, ಗಾಳಿ ತಿರುವಿ ತಿರುವಿ ಸುಸ್ತಾಗಿ ಬೀಡಿ ಸೇದಿದ. ಹೊರಟಿತು. ದೊಡ್ಡಿ ಎಂಬ ಊರಿನ ಹತ್ತಿರ ಏರಿನಲ್ಲಿ ನಿಂತಿತು. ಇಳಿದು ತಳ್ಳಿದೆವು. ಇನ್ನೊಂದು ಏರಿನಲ್ಲಿ ನಿಂತಿತು. ಮತ್ತೆ ತಳ್ಳಿದೆವು. ಮಳವಳ್ಳಿ ಮುಟ್ಟುವ ಹೊತ್ತಿಗೆ ಬಸ್ಸು ನನ್ನನ್ನು ಕರೆತಂದಿತೋ ನಾನು ಬಸ್ಸನ್ನು ಕರೆತಂದೆನೋ ಎನ್ನುವುದು ಚರ್ಚೆಯ ವಿಷಯವಾಗಿತ್ತು. ಮಾರನೆಯ ಮಧ್ಯಾಹ್ನ ಹಲಗೂರು ಸೇರಿದೆ.

ದೊಡ್ಡಬೀರಯ್ಯನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಗದ್ದಲವಿದ್ದ ಕಡೆ ಹೋದೆ. ಜಗುಲಿಯ ಮೇಲೆ, ತೊಲೆಯ ಕೆಳಗೆ, ಕಣಜದ ಹಿಂದೆ, ಹುಲ್ಲಿನ ಮೆದೆಯ ಮೇಲೆ, ಎಲ್ಲಿ ನೋಡಿದರೂ ಮಕ್ಕಳು! ಮಧ್ಯದಲ್ಲಿ ವೈದ್ಯನ ಹೆಂಡತಿ ಚಿಕ್ಕಮಾದಮ್ಮ ಕಾಲು ಚಾಚಿಕೊಂಡು ರಾಗಿ ಕೇರುತ್ತಿದ್ದಳು.

"ಸ್ಕೂಲು ನಡೆಸ್ತೀರೇನಮ್ಮ?" ಎಂದೆ.

"ಯಾವ ಸ್ಕೂಲು? ಇವು ನಮ್ಮವೇ ಕಣಪ್ಪ" ಎಂದು ಮೊರ ಕೆಳಗಿಟ್ಟು ಹೊಟ್ಟೆ ಸವರಿಕೊಂಡು, "ಇನ್ನೊಂದು ಬತ್ತಾ ಅದೆ" ಎಂದಳು.

ಅಲ್ಲೇ ಜಗುಲಿಯ ಅಂಚಿನಲ್ಲಿ ಕುಸಿದು ಕೂತೆ. ಆರನೆಯದು ಬಾರದ ಹಾಗೆ ನನಗೆ ಮದ್ದು ಕೊಟ್ಟ ಮಹಾನುಭಾವನ ಮನೆ ಇದು!

"ನಿಮ್ಮ ಯಜಮಾನರು ಆ ಮದ್ದು ಕೊಡ್ತಾರಲ್ಲ ತಾಯೀ, ಆಗದ ಹಾಗೆ... ನೀವು ನುಂಗೋದಿಲ್ಲವೇ?"

"ಯಾಕೆ ನುಂಗಕ್ಕಿಲ್ಲ? ದಿನಾ ಒಂದು ನುಂಗ್ತೀನಿ."

"ಮತ್ತೆ ಇವರೆಲ್ಲ?"

"ಇವ್ರೆಲ್ಲ ಎಲ್ಡು ಕುಡಿಕೆ ಮಧ್ಯೆ ಬಂದೋರು ಕಣಪ್ಪ" ಎಂದು ಚಿಕ್ಕಮಾದಮ್ಮ ಮಕ್ಕಳ ಹಿಂಡಿನ ಮೇಲೆ ಕೈಯಾಡಿಸಿದಳು. "ನಮ್ಮೆಜಮಾನ್ರು ಊರಿಗೆಲ್ಲ ಗುಳ್ಗೆ ಅರೀತಾರೆ. ಮನೇ ಕುಡಿಕೆ ಮುಗುದ್ರೆ ನಾಳೆ ಅರೀತೀನಿ, ನಾಡಿದ್ದು ಅರೀತೀನಿ ಅಂತಾರೆ. ಅಷ್ಟ್ರಲ್ಲಿ ಆಗೋಯ್ತದೆ."

ಎರಡು ಕುಡಿಕೆಯ ಮಧ್ಯೆ! ಹುಲ್ಲಿನ ಮೆದೆಯ ಮೇಲಿನ ಒಬ್ಬೊಬ್ಬನೂ ಒಂದೊಂದು ತಡವಾದ ಸರದಿ! ಅಲ್ಲಿ ಮಂಡ್ಯದಲ್ಲಿ ಇಂದ್ರಮ್ಮ ತಲೆಗೆ ನೀರು ಹಾಕಿಕೊಂಡು ಆಗಲೇ ದಿನ ಕಳೆದಿತ್ತು. ಹೊಸ ಕುಡಿಕೆಯಿಲ್ಲ. ಹಳೆಯ ತೇವ ಎಷ್ಟು ಉಳಿದಿದೆಯೋ ಗೊತ್ತಿಲ್ಲ. ಹೊತ್ತು ಹೋದ ಹಾಗೆಲ್ಲ ಅವಳಿಗೆ ಗಂಡಾಂತರ ಹತ್ತಿರವಾಗುತ್ತಿದೆ, ನಾನು ಇಲ್ಲಿ ಹಲಗೂರಿನಲ್ಲಿ ಕೂತಿದ್ದೇನೆ!

"ಯಜಮಾನರೆಲ್ಲಿ ತಾಯೀ?"

"ಬೇರು ಕೀಳಾಕೆ ಕಾಡ್ಗೆ ಓಗವ್ರೆ. ಇವತ್ತೋ ನಾಳೇಯೋ ಬತ್ತಾರೆ."

ಇವತ್ತು ಬರಲಿಲ್ಲ. ನಾಳೆಯೂ ಬರಲಿಲ್ಲ. ನಾನು ಆ ಜಗುಲಿಯ ಮೇಲೆ ಮಕ್ಕಳ ಮೂಗು ಒರೆಸುತ್ತಾ, ಜಗಳ ಬಿಡಿಸುತ್ತಾ, ರಾಗಿಮುದ್ದೆ ತಿನ್ನುತ್ತಾ ಕಾದೆ. ಆ ಆಸ್ಪತ್ರೆಯ ಜಗುಲಿಯೇ ಕಣ್ಣ ಮುಂದೆ ಬರುತ್ತಿತ್ತು. ಲೇಡಿ ಡಾಕ್ಟರು ಈಚೆಗೆ ಬಂದು ಈ ಸಲ ಬೇರೆ ಮಾತು ಹೇಳಿದ ಹಾಗೆ ಅನ್ನಿಸಿ, ಕೂತಲ್ಲೇ ಬೆವರಿಬಿಡುತ್ತಿದ್ದೆ. ಅವತ್ತು ಆ ತಾಯಿ ಕುರ್ಚಿ ಕೊಟ್ಟಾಗ ಕೂತಿದ್ದರೆ! ಕಾಫಿ ಆರಿದರೆ ಆರಲಿ ಎಂದಿದ್ದರೆ! ಅತ್ತೇಬಿಟ್ಟೆ. ಚಿಕ್ಕಮಾದಮ್ಮನ ಕಿರಿಯ ಮಗಳು ಬಂದು ನನ್ನ ಮೂಗು ಒರೆಸಿದಳು.

ಕೊನೆಗೂ ದೊಡ್ಡಬೀರಯ್ಯ ಬೇರಿನ ಹೊರೆ ಹೊತ್ತುಕೊಂಡು ಬಂದ. ಅರೆದ, ಉಂಡೆ ಕಟ್ಟಿದ, ನೆರಳಿನಲ್ಲಿ ಒಣಗಿಸಿದ. ಮದ್ದಿನ ಮೇಲೆ ನನ್ನ ನಂಬಿಕೆ ಅರ್ಧಕ್ಕರ್ಧ ಹೋಗಿತ್ತು. ಆದರೆ ಮುಳುಗುವವನಿಗೆ ಹಿಡಿದುಕೊಳ್ಳಲು ಇದೊಂದೇ ಕೈಗೆ ಸಿಕ್ಕಿದ್ದು.

"ದೊಡ್ಡಬೀರಯ್ಯ, ಒಂದೇ ಒಂದು ಮಾತು ಹೇಳಪ್ಪ. ಎರಡು ಕುಡಿಕೆಯ ನಡುವೆ ಹೆಂಗಸನ್ನ ಕಾಯೋದು ಏನು?"

"ಮೊದ್ಲ ಕುಡಿಕೆ ಒಂದ್ ದಿನವೂ ತಪ್ದೆ ನುಂಗವ್ರಾ?"

"ನುಂಗಿದ್ದಾಳೆ."

"ನೀರು ಆಕ್ಕಂಡ್ ದಿನವೇ ಎಲ್ಡನೇದು ಸುರು ಮಾಡವ್ರಾ?"

"ಎಲ್ಲಿಂದ ಮಾಡ್ತಾಳಯ್ಯ? ಅದು ಇಲ್ಲಿ ನಿನ್ನ ಕೈಲೇ ಇದೆಯಲ್ಲ!"

"ಅಂಗಾದ್ರೆ ನಂಗೂ ಅದ್ಕೂ ಸಂಬಂಧ ಇಲ್ಲ ಸೋಮಿ" ಎಂದು ಕೈ ಝಾಡಿಸಿಕೊಂಡ. "ಸರ್ಯಾಗಿ ನುಂಗಿ, ಸರ್ಯಾದ್ ದಿನ ಸುರು ಮಾಡುದ್ರೆ ಮಧ್ಯದ ಬುಡುವು ಏನೂ ಮಾಡಕ್ಕಿಲ್ಲ. ತಡ ಆದ್ರೆ ಆ ಸಿವನೇ ಗತಿ."

ಕುಡಿಕೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ವಾಪಸು ಬಸ್ಸು ಹತ್ತಿದೆ. ಪಕ್ಕದಲ್ಲಿ ಪಟ್ಟಲಮ್ಮ ಎಂಬ ದಪ್ಪನೆಯ ಯಜಮಾನಿ, ಅವಳ ಪಕ್ಕ ಹೊಸದಾಗಿ ಮದುವೆಯಾದ ಅವಳ ಸೊಸೆ. ಇದ್ದಿಲ ಹೊಗೆಗೆ ಸೊಸೆ ಒಂದೇ ಸಮ ಸೀನುತ್ತಿದ್ದಳು.

"ಅದೇನಪ್ಪ ಅಂಗೆ ಅವುಚ್ಕಂಡಿದ್ದೀಯೆ?" ಎಂದಳು ಪಟ್ಟಲಮ್ಮ.

"ಗುಳಿಗೆ."

"ಯಾತಕ್ಕೆ?"

"ನೆಗಡಿಗೆ" ಎಂದುಬಿಟ್ಟೆ. ಬಾಯಿಗೆ ಬಂದ ಮೊದಲ ಕಾಯಿಲೆ ಅದು. ಹೇಳುತ್ತಿದ್ದ ಹಾಗೆ ಸೊಸೆ ಇನ್ನೊಂದು ಸೀನಿದಳು.

"ಅಯ್ಯೋ ದೇವ್ರು ಬಂದಂಗೆ ಬಂದೆ ಕಣಪ್ಪ! ನಮ್ ಸೊಸೆಗೆ ಎಲ್ಡು ಕೊಡು. ಮದ್ವೆ ಆಗಿ ತಿಂಗ್ಳಾಗಿಲ್ಲ, ನೆಗಡಿ ಇಡ್ಕಂಡದೆ."

ಹೊಸ ಮದುಮಗಳಿಗೆ ಈ ಗುಳಿಗೆಯೇ! ಪಟ್ಟಲಮ್ಮನ ಮನೆಯಲ್ಲಿ ತೊಟ್ಟಿಲು ಕಟ್ಟದಿದ್ದರೆ ಆ ಪಾಪ ಯಾರ ತಲೆಗೆ? "ಆಗೋದಿಲ್ಲ ತಾಯೀ" ಎಂದೆ.

"ಯಾಕಾಗಕ್ಕಿಲ್ಲ? ಕುಡಿಕೆ ತುಂಬ ಮಡಿಕ್ಕಂಡು ಎಲ್ಡು ಕೊಟ್ರೆ ಏನೋಯ್ತದೆ? ಯುದ್ದ ಬಂದು ಜನಕ್ಕೆ ಕರುಣೇನೇ ಇಲ್ದಂಗಾಯ್ತು!"

ಇಡೀ ಬಸ್ಸು ನನ್ನ ಕಡೆ ತಿರುಗಿತು. "ಕೊಡಯ್ಯ ಎಲ್ಡು!" "ಏನ್ ಬಂಗಾರದ ಗುಳ್ಗೆಯಾ?" ಪಟ್ಟಲಮ್ಮ ಕೈಯನ್ನೇ ಚಾಚಿ ಕುಡಿಕೆ ಹಿಡಿದುಕೊಂಡಳು. ನಾನು ಎಳೆದೆ, ಅವಳು ಎಳೆದಳು. ಜೀವ ಹೋಗುವ ಹಾಗಾಗಿ ಕಿರುಚಿದೆ: "ಬಿಡಿ ತಾಯೀ! ನೆಗಡಿಗಲ್ಲ! ಹುಚ್ಚುನಾಯಿ ಕಡಿದದ್ದಕ್ಕೆ! ನನಗೇ ಕಡಿದಿದೆ!"

ಕುಡಿಕೆ ತಕ್ಷಣ ನನ್ನ ಕೈಗೆ ಬಂತು. ಪಟ್ಟಲಮ್ಮ ಸೊಸೆಯನ್ನು ಎಳೆದುಕೊಂಡು ಡ್ರೈವರಿನ ಬೆನ್ನಿಗೆ ಹೋಗಿ ಅಂಟಿಕೊಂಡಳು. ಮಿಕ್ಕವರೂ ಒಬ್ಬರ ಮೇಲೊಬ್ಬರು ಬಿದ್ದು ಮುಂದಕ್ಕೆ ಸರಿದರು. ಕಂಡಕ್ಟರು ದೂರದಿಂದಲೇ ಕೈ ಮುಗಿದು, "ಸೋಮಿ, ನೀವು ಇಳ್ಕಂಡು ನಡ್ಕಂಡ್ ಬಂದ್ರೆ ಒಳ್ಳೇದು" ಎಂದ. ಇಳಿಸಿಯೇಬಿಟ್ಟರು. ಮದ್ದೂರಿನ ತನಕ ಬಿಸಿಲಿನಲ್ಲಿ ನಡೆದೆ. ದಾರಿಯ ಎರಡೂ ಕಡೆ ನಾಲೆಯ ನೀರು ತುಂಬಿದ ಗದ್ದೆಗಳು ತಣ್ಣಗೆ ನಗುತ್ತಿದ್ದವು. ಅವುಗಳ ಸರದಿಯನ್ನು ನಾನು ಒಂದು ದಿನವೂ ತಪ್ಪಿಸಿರಲಿಲ್ಲ. ಕಟ್ಟಿಕೊಂಡವಳ ಸರದಿ ತಪ್ಪಿಸಿದ್ದೆ.

ಮನೆಯ ಬಾಗಿಲಿಗೆ ಬಂದಾಗ ನನ್ನ ಗುರುತು ನನ್ನ ಮಕ್ಕಳಿಗೇ ಸಿಗಲಿಲ್ಲ. ಮುಖದ ಮೇಲೆ ಇದ್ದಿಲು, ಗಡ್ಡ, ಕೋಟಿಗೆ ಧೂಳು, ಕಣ್ಣಲ್ಲಿ ನೀರು. ಇಂದ್ರಮ್ಮ ಅಂಗಳದಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಅವಳ ಮುಂದೆ ಕುಡಿಕೆ ಇಟ್ಟು, ನೆಲದ ಮೇಲೆ ಕೂತು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡೆ.

"ಇಂದ್ರಾ, ಕೆಟ್ಟೆ! ತಡವಾಗಿಹೋಯಿತು! ದೊಡ್ಡಬೀರಯ್ಯ ಜವಾಬ್ದಾರಿ ಇಲ್ಲ ಅಂದುಬಿಟ್ಟ. ಆ ಮನೆ ತುಂಬ ತಡವಾದ ಮಕ್ಕಳು ಕಣೆ! ನೀನು ನೀರು ಹಾಕಿಕೊಂಡು ಎಷ್ಟು ದಿನವಾಯಿತು, ಇಷ್ಟು ದಿನವೂ ನಿನ್ನನ್ನ ಕಾಯೋದಕ್ಕೆ ಒಂದು ಗುಳಿಗೆಯೂ ಇರಲಿಲ್ಲ! ನಿನಗೇನಾದರೂ ಆದರೆ ನಾನು ಬದುಕೋದಿಲ್ಲ!"

ಇಂದ್ರಮ್ಮ ಎಣ್ಣೆಯ ಕೈಯನ್ನು ಕೂಸಿನ ಬೆನ್ನಿಗೆ ಒರೆಸಿ, ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ಇಷ್ಟು ದಿನ ನೀವು ಎಲ್ಲಿದ್ರಿ?"

"ಹಲಗೂರಿನಲ್ಲಿ ಕಣೆ! ಮತ್ತೆಲ್ಲಿ?"

"ನಾನೆಲ್ಲಿದ್ದೆ?"

"ಇಲ್ಲಿ, ಮಂಡ್ಯದಲ್ಲಿ."

"ಮತ್ತೆ?" ಎಂದಳು.

ಮತ್ತೆ? ಏರಿಯ ಮೇಲಿನ ಬಿಸಿಲು, ಇದ್ದಿಲ ಹೊಗೆ, ಹುಲ್ಲಿನ ಮೆದೆ, ಕಣ್ಣೀರು, ಎಲ್ಲವೂ ಒಟ್ಟಿಗೆ ನನ್ನ ತಲೆಯ ಮೇಲೆ ಬಂದು ಬಿದ್ದವು. ಲೋಯರ್ ಸೆಕೆಂಡರಿ ಪಾಸು ಮಾಡಿದ ತಲೆ!

"ಮರಳು ನೆಲಾನೋ ಎರೆ ನೆಲಾನೋ, ಬಿತ್ತೋನು ಊರಲ್ಲೇ ಇಲ್ದೆ ಇದ್ರೆ ಬೆಳೆ ಎಲ್ಲಿಂದ ಬತ್ತದೆ ಕಣಿ?" ಎಂದು ಇಂದ್ರಮ್ಮ ನಕ್ಕಳು. ಆ ಹೆರಿಗೆಯಾದ ಮೇಲೆ ಅವಳು ಬಾಯಿ ತುಂಬ ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. "ಈ ನಾಕು ದಿನ ನಾನು ಎಷ್ಟು ನೆಮ್ಮದಿಯಾಗಿ ನಿದ್ದೆ ಮಾಡಿವ್ನಿ ಗೊತ್ತಾ?"

ಅಷ್ಟರಲ್ಲಿ ನನ್ನ ತಾಯಿ ಅಡಿಗೆ ಮನೆಯಿಂದ ಈಚೆಗೆ ಬಂದಳು. ನಾನು ಗಡಬಡಿಸಿ ಕುಡಿಕೆಯ ಮೇಲೆ ಟೋಪಿ ಮುಚ್ಚಿ, "ತಲೆನೋವಿನ ಗುಳಿಗೆ ಕಣವ್ವ!" ಎಂದೆ. ಅವಳು ಟೋಪಿಯನ್ನು ಎತ್ತಿ ನನ್ನ ತಲೆಗೆ ಹಾಕಿದಳು.

"ಯಾವ ತಲೆನೋವು ಅಂತ ನಂಗೆ ಗೊತ್ತು ಕಣ್ಲಾ. ಅವತ್ತು ಆಸ್ಪತ್ರೇಲಿ ಇವಳ ಕೈ ಇಡ್ಕಂಡು ಕುಂತಿದ್ದೋಳು ನಾನು. ನಂಗೆ ಇನ್ನೊಂದು ಮೊಮ್ಮಗ ಬ್ಯಾಡ, ಇವ್ಳು ಬೇಕು" ಎಂದು ಹೇಳಿ, ಹಜಾರದ ಮೂಲೆಯಲ್ಲಿದ್ದ ನನ್ನ ಹಾಸಿಗೆಯ ಸುರುಳಿಯನ್ನು ತಂದು ನನ್ನ ಮಡಿಲಲ್ಲಿಟ್ಟಳು. "ಕುಡಿಕೆ ಇಲ್ಲಿ ಮಡುಗು ಮಗ. ನೀನು ಅಲಗೂರ್ಗೆ ವಾಪಸ್ ಓಗು."